ಶಾಲು ಹೊದೆಸಿದ ಮೇಲೆ ಹೊರಡಲಾಗದವರು

೨೦೧೯ರಲ್ಲಿ ನಾನು ದುಬೈನ ಜುಮೇರಾ ಲೇಕ್ ಟವರ್ಸ್‌ನಲ್ಲಿದ್ದ ಒಂದು ಬ್ರಿಟಿಷ್ ಇಂಜಿನಿಯರಿಂಗ್ ಕಂಪನಿಯಲ್ಲಿ ಎಚ್‌ಆರ್ ಮ್ಯಾನೇಜರ್ ಆಗಿದ್ದೆ. ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು, ವೀಸಾ ಮಾಡಿಸುವುದು, ಮನೆ ಕೊಡಿಸುವುದು, ಕೊನೆಗೊಂದು ದಿನ ಅದೇ ವೀಸಾ ರದ್ದು ಮಾಡಿಸಿ ಕಳಿಸಿಕೊಡುವುದು, ಇಷ್ಟೂ ನನ್ನ ಪಾಲಿನದು. ಗಲ್ಫಿನಲ್ಲಿ ಎಚ್‌ಆರ್ ಎಂದರೆ ಅರ್ಧ ಕಚೇರಿ, ಅರ್ಧ ಪಂಚಾಯ್ತಿ ಕಟ್ಟೆ. ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬರುವ ಗಲಾಟೆ ಅಲ್ಲಿಯವರೆಗೆ ನನಗೆ ಪೇಪರಿನ ಒಳಪುಟದ ಸುದ್ದಿಯಷ್ಟೇ. ಆ ವರ್ಷ ಅದು ರಜಾಕ್ ಅವರ ರೂಪದಲ್ಲಿ ಬಂದು ನನ್ನ ಮೇಜಿನೆದುರು ಕೂತಿತು.

ಅಬ್ದುಲ್ ರಜಾಕ್ ನಮ್ಮ ಕರಾವಳಿಯ ಉಳ್ಳಾಲದ ಬ್ಯಾರಿ ಮುಸಲ್ಮಾನರು. ಅಬುಧಾಬಿಯ ಪಶ್ಚಿಮಕ್ಕಿರುವ ರುವೈಸ್ ಎಂಬ ತೈಲ ಶುದ್ಧೀಕರಣದ ಊರಿನಲ್ಲಿ ನಮ್ಮ ಪೈಪಿಂಗ್ ತಂಡದ ಮುಖ್ಯಸ್ಥರು. ಹೆಂಡತಿ ಜುಬೈದಾ ಅಲ್ಲೇ ಶಾಲೆಯಲ್ಲಿ ಟೀಚರ್. ಒಂಬತ್ತು ವರ್ಷದ ಮಗಳು ಸಫಾ. ಕಂಪನಿ ಕೊಟ್ಟ ಮನೆಯ ಮುಂದೆ ಜುಬೈದಾ ಹಟ ಹಿಡಿದು ಬೆಳೆಸಿದ್ದ ಒಂದು ನುಗ್ಗೆ ಮರವಿತ್ತು. ಕೆಲಸದ ಮೇಲೆ ಅಲ್ಲಿಗೆ ಹೋದಾಗಲೆಲ್ಲ ನನಗೆ ನುಗ್ಗೆ ಸೊಪ್ಪಿನ ಕಟ್ಟು ಸಿಗುತ್ತಿತ್ತು.

ನಮ್ಮ ಕಂಪನಿಯ ಯುರೋಪಿನ ಕೆಲಸಗಳೆಲ್ಲ ಲಂಡನ್ನಿನಿಂದ ನಡೆಯುತ್ತಿದ್ದವು. ಒಪ್ಪಂದವಿಲ್ಲದೆ ಬ್ರಿಟನ್ ಹೊರಬಿದ್ದರೆ ಆ ಕೆಲಸಗಳನ್ನು ಹಿಡಿದುಕೊಳ್ಳಲು ಒಕ್ಕೂಟದೊಳಗೆ ಒಂದು ಕಚೇರಿ ಬೇಕು. ಅದಕ್ಕಾಗಿ ನೆದರ್ಲೆಂಡ್ಸಿನ ರಾಟರ್‌ಡ್ಯಾಮ್‌ನಲ್ಲಿ ಜಾಗ ನೋಡಿದರು, ಪೈಪಿಂಗ್ ವಿಭಾಗಕ್ಕೆ ರಜಾಕ್ ಅವರನ್ನು ಆರಿಸಿದರು. ಒಪ್ಪಂದವಾದರೆ ಆ ಕಚೇರಿಯೇ ಬೇಡ. ಆದರೆ ಹೊರಡುವ ದಿನ ಮಾರ್ಚ್ ೨೯ ಎಂದು ಕಾನೂನಿನಲ್ಲೇ ಬರೆದಿದೆ, ಒಪ್ಪಂದ ಸಂಸತ್ತಿನಲ್ಲಿ ಬಿದ್ದಿದೆ, ಇನ್ನೇನು ಅನುಮಾನ ಎಂದು ಲಂಡನ್ನಿನ ನಿರ್ದೇಶಕರು ಅವಸರ ಮಾಡಿದರು. ರುವೈಸ್‌ನಲ್ಲಿ ರಜಾಕ್ ಕುರ್ಚಿಗೆ ಕೊಚ್ಚಿಯ ಥಾಮಸ್ ಬಂದರು, ಮನೆಗೂ ಅವರೇ ಬಂದರು. ಜುಬೈದಾ ರಾಜೀನಾಮೆ ಕೊಟ್ಟರು. ಸಫಾಳ ಟಿ.ಸಿ. ತೆಗೆಸಿದ್ದಾಯಿತು. ಹೊರಡುವ ಮುಂಚಿನ ಎರಡು ವಾರಕ್ಕೆಂದು ನಾನು ಅವರಿಗೆ ದುಬೈನ ಅಲ್ ಬರ್ಷಾದಲ್ಲಿ ಒಂದು ಹೋಟೆಲ್ ಅಪಾರ್ಟ್‌ಮೆಂಟ್ ಕೊಡಿಸಿದೆ.

ಇನ್ನು ನಮ್ಮವರ ಪದ್ಧತಿಯೊಂದನ್ನು ಹೇಳಬೇಕು. ಗಲ್ಫಿನಲ್ಲಿ ನಮ್ಮ ಕರಾವಳಿಯವರು ಯಾರನ್ನೂ ಸುಮ್ಮನೆ ಹೋಗಲು ಬಿಡುವುದಿಲ್ಲ. ಬೀಳ್ಕೊಡುಗೆ ಆಗಲೇಬೇಕು. ಮಾರ್ಚ್ ನಡುವಿನ ಒಂದು ಶುಕ್ರವಾರ ದುಬೈಯಲ್ಲಿರುವ ನಮ್ಮ ಊರಿನವರ ಸಂಘ ರಜಾಕ್ ದಂಪತಿಗೆ ಶಾಲು ಹೊದೆಸಿತು, ಹಣ್ಣಿನ ಬುಟ್ಟಿ ಕೊಟ್ಟಿತು, ಗಾಜಿನ ಬುರ್ಜ್ ಖಲೀಫಾ ಕೊಟ್ಟಿತು. ಸಂಘದ ಅಧ್ಯಕ್ಷರಾದ ಶೆಟ್ಟರು ಮೈಕ್ ಹಿಡಿದು ಅರ್ಧ ಗಂಟೆ ಹೊಗಳಿದರು. ನಾನೂ ಎರಡು ಮಾತಾಡಿದೆ. ಬೀಳ್ಕೊಡುಗೆಯ ಮರುದಿನದಿಂದ ನೀವು ಇಲ್ಲಿಯವರಲ್ಲ. ವಾಟ್ಸ್‌ಆ್ಯಪ್ ಗುಂಪಿನಿಂದ ಹೆಸರು ಹೋಗುತ್ತದೆ, ನಿಮ್ಮ ಸೋಫಾ ಒಬ್ಬರ ಮನೆಗೆ, ಮಿಕ್ಸಿ ಇನ್ನೊಬ್ಬರ ಮನೆಗೆ ಹೋಗುತ್ತದೆ. ರಜಾಕ್ ಅವರ ಕಾರನ್ನು ಸ್ವತಃ ಶೆಟ್ಟರೇ ಕೊಂಡರು.

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಹೊರಡುವ ದಿನ ಏಪ್ರಿಲ್ ೧೨ಕ್ಕೆ ಹೋಯಿತು. ಲಂಡನ್ನಿನ ಸಂಸತ್ತಿನಲ್ಲಿ ಎಂಟು ದಾರಿಗಳನ್ನು ಮುಂದಿಟ್ಟು ಮತಕ್ಕೆ ಹಾಕಿದರು, ಎಂಟಕ್ಕೂ ಬಹುಮತ ಸಿಗಲಿಲ್ಲ. ಹೋಗುವುದೂ ಬೇಡ, ಇರುವುದೂ ಬೇಡ. ಇಷ್ಟು ದೊಡ್ಡ ಸಂಸತ್ತು ಇಟ್ಟುಕೊಂಡು ಇವರಿಗೇನು ರೋಗ ಎಂದು ನಾನು ಟಿವಿಯ ಮುಂದೆ ಕೂತು ಬೈದದ್ದುಂಟು. ಲಂಡನ್ ಕಚೇರಿಯಿಂದ ಬಂದದ್ದು ಒಂದೇ ಉತ್ತರ: ಕಾಯಿರಿ.

ಕಾಯಬೇಕಾದವರು ಅಲ್ ಬರ್ಷಾದ ಒಂದೂವರೆ ಕೋಣೆಯಲ್ಲಿದ್ದರು. ನಾನು ನೋಡಲು ಹೋದಾಗ ಸೂಟ್‌ಕೇಸ್‌ಗಳು ಗೋಡೆಯುದ್ದಕ್ಕೂ ನಿಂತಿದ್ದವು. ಬೀಗ ತೆಗೆದರೆ ಮತ್ತೆ ಕಟ್ಟಬೇಕಲ್ಲ ಎಂದು ದಿನಕ್ಕೆ ಬೇಕಾದ ಎರಡು ಜೊತೆ ಬಟ್ಟೆಯಲ್ಲೇ ಸಂಸಾರ. ಕಪಾಟಿನಲ್ಲಿ ರಾಟರ್‌ಡ್ಯಾಮ್ ಚಳಿಗೆಂದು ಕೊಂಡ ಮೂರು ದಪ್ಪ ಕೋಟುಗಳು ತೂಗುತ್ತಿದ್ದವು. ಸಫಾ ಎ.ಸಿ.ಯನ್ನು ಜೋರಾಗಿಟ್ಟು ತನ್ನ ಕೆಂಪು ಕೋಟು ಹಾಕಿಕೊಂಡು ಕೂತಿದ್ದಳು. ಬೆಳೆಯುವ ಹುಡುಗಿ ಎಂದು ಒಂದು ಸೈಜು ದೊಡ್ಡದೇ ಕೊಂಡಿದ್ದರು, ತೋಳು ಅಂಗೈಗೆ ಇಳಿದಿತ್ತು. "ನಾವು ಇಲ್ಲಿರುವವರಾ ಆಂಟಿ, ಅಲ್ಲಿರುವವರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಅವಳ ಕೋಟಿನ ತೋಳು ಮಡಚಿಕೊಟ್ಟೆ.

ರಜಾಕ್ ಹೊರಗೆ ಕಾಲಿಡುವುದನ್ನೇ ಬಿಟ್ಟಿದ್ದರು. ಪಕ್ಕದ ಮಾಲ್‌ನಲ್ಲಿ ಶೆಟ್ಟರು ಒಮ್ಮೆ ಎದುರಾಗಿ, "ಅರೆ, ನೀವಿನ್ನೂ ಹೋಗ್ಲಿಲ್ವಾ ಮಾರಾಯ್ರೆ?" ಎಂದಿದ್ದರು. ಶೆಟ್ಟರ ಮನಸ್ಸಿನಲ್ಲಿ ಏನೂ ಇರಲಿಲ್ಲ, ಆದರೆ ಅದೇ ಮಾತನ್ನು ಮೂರು ಜನ ಕೇಳಿದ ಮೇಲೆ ರಜಾಕ್‌ಗೆ ಸಾಕಾಯಿತು. ಶುಕ್ರವಾರದ ನಮಾಜಿಗೆ ಪರಿಚಯದವರಿಲ್ಲದ ದೂರದ ಮಸೀದಿಗೆ ಹೋಗತೊಡಗಿದರು.

"ಶಾಲು ಹಾಕಿಸಿಕೊಂಡು ಇಲ್ಲೇ ತಿರುಗ್ಲಿಕ್ಕೆ ಆಗ್ತದಾ ಮೇಡಂ?" ಎಂದರು. "ನನ್ನ ಕಾರು ಕೆಳಗೆ ನಿಂತಿರ್ತದೆ, ಶೆಟ್ರು ತರಕಾರಿಗೆ ಬರ್ತಾರೆ. ನಾನು ಕಿಟಕಿಯಿಂದ ನೋಡುವುದು."

ನಗು ಬರುವ ಮಾತೇ. ಆದರೆ ಆ ಮುಖ ನೋಡಿದರೆ ನಗಲಾಗುತ್ತಿರಲಿಲ್ಲ.

ಏಪ್ರಿಲ್ ಬಂತು. ಇಲ್ಲಿನ ಭಾರತೀಯ ಶಾಲೆಗಳು ಶುರುವಾಗುವುದು ಏಪ್ರಿಲ್‌ನಲ್ಲಿ. ಸಫಾಳನ್ನು ಸೇರಿಸೋಣವೆಂದರೆ ಎಲ್ಲಿ? ದುಬೈಯಲ್ಲಿ ಸೇರಿಸಿದರೆ ಅಪ್ಪನಿಗೆ ದುಬೈಯಲ್ಲಿ ಕೆಲಸವಿಲ್ಲ. ಊರಿಗೆ ಹೋಗಿ ಕಾಯೋಣವೆಂದರೆ, ಆರು ತಿಂಗಳು ದೇಶದ ಹೊರಗಿದ್ದರೆ ಇಲ್ಲಿನ ವೀಸಾ ಸತ್ತುಹೋಗುತ್ತದೆ. ಗಲ್ಫಿನಲ್ಲಿ ನಮ್ಮ ವಾಸ ನಿಂತಿರುವುದೇ ಕೆಲಸ ಕೊಟ್ಟವರ ಹೆಸರಿನ ಮೇಲೆ. ಸರಕಾರಿ ಕಚೇರಿಗಳಿಗೆ ಓಡಾಡುವ ನಮ್ಮ ಪಿಆರ್‌ಒ ದಿನಾ ಬಂದು, "ಮೇಡಂ, ಕ್ಯಾನ್ಸಲ್ ಮಾಡಿದ್ರೆ ಖಲಾಸ್. ಏನು ಮಾಡ್ಲಿ?" ಎಂದು ಕೇಳುತ್ತಿದ್ದ. ನಾನು ತಡೆದಿಟ್ಟಿದ್ದೆ. ಏಪ್ರಿಲ್ ಹತ್ತರಂದು ಯುರೋಪಿನ ನಾಯಕರು ಗಡುವನ್ನು ಅಕ್ಟೋಬರ್ ೩೧ಕ್ಕೆ ತಳ್ಳಿದರು. ಸುದ್ದಿ ಓದಿದಾಗ ಮೊದಲು ನನ್ನ ಕಣ್ಣಮುಂದೆ ಬಂದದ್ದು ಆ ಕೆಂಪು ಕೋಟು.

ಮರುದಿನ ಬೆಳಿಗ್ಗೆ ಲಂಡನ್ನಿಗೆ ಫೋನು ಮಾಡಿದೆ. ನಿರ್ದೇಶಕರು ಸಭ್ಯರು, ದನಿ ಏರಿಸುವವರಲ್ಲ. ಸಂಸತ್ತು ತೀರ್ಮಾನಿಸುವವರೆಗೆ ತಮ್ಮ ಕೈಯಲ್ಲೇನೂ ಇಲ್ಲ, ರಜಾಕ್ ಹೀಗೇ ಸಿದ್ಧರಾಗಿರಲಿ ಎಂದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಮೇಲಿನವರಿಗೆ ಎದುರಾಡಿದ್ದು ಕಡಿಮೆ. ಅಂದು ಸಿಟ್ಟು ಬಂದಿತ್ತು.

"ನಿಮ್ಮ ದೇಶ ಹೊರಡುವ ದಿನವನ್ನು ಮುಂದೂಡಬಹುದು ಸರ್. ಒಂದು ಮಗುವಿನ ನಾಲ್ಕನೇ ಕ್ಲಾಸನ್ನು ಮುಂದೂಡಲು ಬರುವುದಿಲ್ಲ. ಕಳಿಸುವುದಾದರೆ ಈ ವಾರ ಕಳಿಸಿ, ಇಲ್ಲದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇನೆ."

ಕೊನೆಗೆ, ಹೊಸ ಹುದ್ದೆ ಸೃಷ್ಟಿಸದೆ ಏನಾದರೂ ಸಿಕ್ಕಿದರೆ ಮಾಡಿಕೊಳ್ಳಿ ಎಂದರು.

ಇಡೀ ಗಲ್ಫ್ ವಿಭಾಗ ಜಾಲಾಡಿದರೂ ಸಿಕ್ಕಿದ್ದು ಒಂದೇ ಜಾಗ. ಅದೂ ರುವೈಸ್‌ನಲ್ಲೇ, ಥಾಮಸ್ ಅವರ ಕೈಕೆಳಗೆ. ರಜಾಕ್ ತಾವೇ ಕೆಲಸ ಒಪ್ಪಿಸಿಕೊಟ್ಟು ಬಂದ ಮನುಷ್ಯನಿಗೆ ಸಹಾಯಕರಾಗುವುದು! ಅದನ್ನು ಹೇಳಲು ನಾನೇ ಅಲ್ ಬರ್ಷಾಕ್ಕೆ ಹೋದೆ.

ರಜಾಕ್ "ರುವೈಸ್‌ನಲ್ಲಿ ಎಲ್ಲರೂ ಎಂತ ಹೇಳಿಯಾರು?" ಎಂದಷ್ಟೇ ಅಂದರು.

ಜುಬೈದಾ ಚಹಾದ ಟ್ರೇ ಕೆಳಗಿಟ್ಟರು. "ಅಕ್ಕ, ಇವರಿಗೆ ನಾಚಿಕೆ. ನಂದು ನಾಚಿಕೆ ಎಲ್ಲ ಈ ರೂಮಿನಲ್ಲೇ ಮುಗ್ದುಹೋಯ್ತು," ಎಂದರು. ಮತ್ತೆ ಗಂಡನತ್ತ ತಿರುಗಿ, "ಒಂದು ದೇಶಕ್ಕೆ ದೇಶವೇ ಹೋಗ್ತೇನೆ ಅಂತ ಹೇಳಿ ಹೋಗದೆ ಕೂತಿದೆ. ಅವರಿಗಿಲ್ಲದ ಮರ್ಯಾದೆ ಪ್ರಶ್ನೆ ನಿಮಗೆ ಮಾತ್ರ ಎಂತಕ್ಕೆ?"

ನಾನು ಮುಖ ಆಚೆ ತಿರುಗಿಸಿ ನಕ್ಕೆ. ರಜಾಕ್ ಕೂಡ ತಡೆಯಲಾರದೆ ನಕ್ಕುಬಿಟ್ಟರು. ಎದ್ದು ಒಂದು ಸೂಟ್‌ಕೇಸಿನ ಬೀಗ ತೆಗೆದರು. ಆ ವಾರವೇ ಮೂವರೂ ರುವೈಸ್‌ಗೆ ಮರಳಿ ಕಂಪನಿಯ ಇನ್ನೊಂದು ಮನೆ ಸೇರಿದರು, ಸಫಾ ತನ್ನ ಹಳೆಯ ಶಾಲೆ ಸೇರಿದಳು.

ಆ ಮೇ ತಿಂಗಳಲ್ಲಿ ರಂಜಾನ್. ಸಂಘದ ಇಫ್ತಾರ್ ಕೂಟಕ್ಕೆ ರುವೈಸ್‌ನಿಂದ ಅಷ್ಟು ದೂರ ಮೂವರೂ ಬಂದರು. ಬಾಗಿಲಲ್ಲಿ ರಜಾಕ್ ಒಂದು ಗಳಿಗೆ ನಿಂತರು. ಶೆಟ್ಟರು ಖರ್ಜೂರದ ತಟ್ಟೆ ಹಿಡಿದು ಎದ್ದು ಬಂದು, "ಬನ್ನಿ ಬನ್ನಿ. ಕಾರು ಮಾತ್ರ ವಾಪಸ್ ಕೇಳ್ಬೇಡಿ," ಎಂದರು. ಸಭೆಯೆಲ್ಲ ನಕ್ಕಿತು, ಆ ನಗೆಯಲ್ಲಿ ಎರಡು ತಿಂಗಳ ಬಿಗಿ ಸಡಿಲಿತು. ಸಂಜೆ ಮುಗಿಯುವಷ್ಟರಲ್ಲಿ ರಜಾಕ್ ಹೆಸರು ವಾಟ್ಸ್‌ಆ್ಯಪ್ ಗುಂಪಿಗೆ ಮರಳಿತ್ತು. ಮಿಕ್ಸಿ ಕೊಂಡವರು ತಾವಾಗಿಯೇ ಅದನ್ನು ಜುಬೈದಾಗೆ ಹಿಂತಿರುಗಿಸಿದರು.

ಅಕ್ಟೋಬರ್ ೩೧ರಂದೂ ಯಾರೂ ಹೊರಡಲಿಲ್ಲ. ಬ್ರಿಟನ್ ನಿಜಕ್ಕೂ ಹೊರಬಿದ್ದದ್ದು ಮರುವರ್ಷ ಜನವರಿಯ ಕೊನೆಗೆ. ಆ ಮೇಲಿನ ವರ್ಷಗಳಲ್ಲಿ, ನಿವೃತ್ತಿಯಾಗುವವರೆಗೂ ನಾನೊಂದು ನಿಯಮ ಇಟ್ಟುಕೊಂಡೆ: ಹೋಗುವ ಕಡೆ ಒಬ್ಬರ ಕುರ್ಚಿ, ಅಡುಗೆಮನೆ, ಮಗುವಿನ ಶಾಲೆ ಮೂರೂ ಸಿದ್ಧವಾಗದೆ ಇಲ್ಲಿಂದ ಅವರನ್ನು ಎಬ್ಬಿಸುವುದಿಲ್ಲ. ಎಷ್ಟು ದೊಡ್ಡವರು ಅವಸರ ಮಾಡಿದರೂ ಇಲ್ಲ. ಮೇಲೆ ಕೂತವರಿಗೆ ತೀರ್ಮಾನ ತಡವಾದರೆ ಇನ್ನೊಂದು ಸಭೆ, ಕೆಳಗಿನವರಿಗೆ ಅದು ಬೀಗ ತೆಗೆಯಲಾಗದ ಸೂಟ್‌ಕೇಸು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಆ ಜನವರಿಯಲ್ಲೇ ಲಂಡನ್ನಿನಿಂದ ಮೇಲ್ ಬಂತು. ಒಪ್ಪಂದವಿರಲಿ ಇಲ್ಲದಿರಲಿ, ರಾಟರ್‌ಡ್ಯಾಮ್ ಕಚೇರಿ ತೆರೆಯುವುದು ಖಂಡಿತ, ರಜಾಕ್ ಅವರನ್ನು ಕೇಳಿ ನೋಡಿ ಎಂದು. ಈ ಸಲ ಮನೆ, ಶಾಲೆ ಎಲ್ಲ ವಿಚಾರಿಸಿಕೊಂಡೇ ನಾನು ರುವೈಸ್‌ಗೆ ಫೋನು ಮಾಡಿದೆ. ರಜಾಕ್ ಕೇಳಿಸಿಕೊಂಡರು. ಆ ಕಡೆ ಜುಬೈದಾ, ಈಗ ಥಾಮಸ್ ಅವರ ಅಂಗಳದಲ್ಲಿರುವ ತಮ್ಮ ಹಳೆಯ ಮರದ ನುಗ್ಗೆ ಸೊಪ್ಪು ಒಯ್ಯಿರಿ ಎಂದು ಯಾರಿಗೋ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು.

"ಬೇರೆ ಯಾರನ್ನಾದ್ರೂ ಕಳಿಸಿ ಮೇಡಂ," ಎಂದರು. "ಸಫಾಳ ಕೋಟು ಈಗ ಅವಳಿಗೆ ಗಿಡ್ಡ ಆಗ್ತದೆ."