ಕಣ್ಣಳತೆಯಕ್ಕ ಮತ್ತು ಐದನೇ ನಂಬರು

ಆ ಗಾಲ್ಫ್ ಮೈದಾನದಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಕಣ್ಣಳತೆಯಕ್ಕ ಎಂದೇ. ಇಪ್ಪತ್ತಾರು ವರ್ಷ ಹಲ್ಲಿನ ಡಾಕ್ಟರ ಬ್ಯಾಗು ಹೊತ್ತ ಕ್ಯಾಡಿ. ಚೆಂಡಿನ ಪಕ್ಕ ನಿಂತು, ದೂರದ ಕುಳಿಯಲ್ಲಿ ನೆಟ್ಟ ಬಾವುಟದತ್ತ ಕಣ್ಣು ಕಿರಿದು ಮಾಡಿ "ನೂರ ಮೂವತ್ತೆಂಟು ಗಜ" ಎಂದರೆ ಮುಗಿಯಿತು. ಟೇಪು ಹಿಡಿದು ಅಳೆದರೂ ಅಷ್ಟೇ ಬರುತ್ತಿತ್ತು. ನೂರ ನಲವತ್ತಕ್ಕೆ ಏಳನೇ ನಂಬರಿನ ಕ್ಲಬ್ಬು ಎಂಬ ಕೋಲು, ನೂರ ಅರವತ್ತಕ್ಕೆ ಐದನೆಯದು. ನಂಬರು ಸಣ್ಣದಾದಷ್ಟೂ ಚೆಂಡು ದೂರ ಹೋಗುತ್ತದೆ. ಡಾಕ್ಟರು ಕೇಳುವ ಮೊದಲೇ ತಕ್ಕ ಕ್ಲಬ್ಬು ಅವರ ಕೈಗೆ ಬಂದಿರುತ್ತಿತ್ತು.

"ಬಾವುಟ ನೋಡ್ಬೇಡಿ ಡಾಕ್ಟ್ರೇ. ಕುಳಿ ಸುತ್ತಿನ ಹಸಿರಿನ ನಡುಮಧ್ಯೆ ನೋಡಿ. ಎರಡು ಸಲ ಮೆಲ್ಲಗೆ ದೂಡಿದ್ರೆ ಪಾರ್ ತಾನಾಗಿ ಬರುತ್ತೆ" ಎಂದು ದಿನವೂ ಹೇಳುವಳು. ಪಾರ್ ಎಂದರೆ ಇಂಥ ಕುಳಿಗೆ ಇಷ್ಟೇ ಹೊಡೆತ ಎಂದು ಮೊದಲೇ ಗೊತ್ತುಮಾಡಿದ ಲೆಕ್ಕ. ಡಾಕ್ಟರು ತಲೆಯಾಡಿಸಿ, ಬಾವುಟವನ್ನೇ ನೋಡಿ ಹೊಡೆದು, ಚೆಂಡನ್ನು ಕೊಳಕ್ಕೆ ಒಪ್ಪಿಸಿ ಬರುವರು. ಇಪ್ಪತ್ತಾರು ವರ್ಷದಲ್ಲಿ ಆ ಮನುಷ್ಯ ಒಂದು ದಿನವಾದರೂ ಕೇಳಬೇಕಲ್ಲ!

ಈ ವರ್ಷ ಅಕ್ಕನ ಎಡ ಮೊಣಕಾಲು ಮುಷ್ಕರ ಹೂಡಿತು. ಬ್ಯಾಗು ಹೊರುವುದು ಇನ್ನು ಆಗದ ಮಾತು. ಅದೇ ಹೊತ್ತಿಗೆ ಹೊಸಬರಿಗೆ ಆಟ ಕಲಿಸುತ್ತಿದ್ದ ಕೋಚು ನಿವೃತ್ತರಾದರು. ವರ್ಷಕ್ಕೊಮ್ಮೆ ನಡೆಯುವ ಕ್ಯಾಡಿಗಳ ಪಂದ್ಯದಲ್ಲಿ ಗೆದ್ದವರಿಗೇ ಆ ಕೆಲಸ ಎಂದು ಕಾರ್ಯದರ್ಶಿ ಚೀಟಿ ಅಂಟಿಸಿದರು. ಕೋಚಿಗೆ ಕೂರಲು ಬೆಂಚು, ತಲೆಗೆ ನೆರಳು, ಮೈಗೆ ನೀಲಿ ಕೋಟು. ಅಕ್ಕನಿಗೆ ಅದ್ಯಾವುದರ ಆಸೆಯೂ ಇರಲಿಲ್ಲ. ಈ ಹುಲ್ಲು ಬಿಟ್ಟು ಮನೆಯಲ್ಲಿ ಗೋಡೆ ನೋಡುತ್ತ ಕೂರುವುದು ಮಾತ್ರ ಬೇಡವಾಗಿತ್ತು; ಪಂದ್ಯಕ್ಕೆ ಹೆಸರು ಕೊಟ್ಟಳು.

ಕ್ಯಾಡಿಗಳ ಪಂದ್ಯದ ದಿನ ಎಲ್ಲವೂ ತಲೆಕೆಳಗು. ಕ್ಯಾಡಿಗಳು ಆಡಬೇಕು, ಸಾಹೇಬರುಗಳು ಬ್ಯಾಗು ಹೊರಬೇಕು. ಹೊತ್ತವರ ಬಾಯಿಗೆ ಬೀಗ. ಒಂದು ಸಲಹೆ ಕೊಟ್ಟರೂ ಆಡುವವರ ಲೆಕ್ಕಕ್ಕೆ ಒಂದು ಹೊಡೆತ ಹೆಚ್ಚು. ಡಾಕ್ಟರು ಅಕ್ಕನಿಗಾಗಿ ತಮ್ಮದೇ ಬ್ಯಾಗನ್ನು ಹೆಗಲಿಗೇರಿಸಿ, ಎರಡನೇ ಕುಳಿಗೇ ಏದುಸಿರು ಬಿಡುತ್ತ ಬಂದರು. ಅಕ್ಕನ ಗಂಡ, ದರ್ಜಿ, ಅಂಗಡಿಗೆ ಬೀಗ ಹಾಕಿ, ಕೊರಳಿನ ಟೇಪು ತೆಗೆಯುವುದನ್ನೂ ಮರೆತು ಓಡಿಬಂದಿದ್ದ. ಆಟದ ಗಂಧಗಾಳಿ ಇಲ್ಲದಿದ್ದರೂ ಹಗ್ಗದಾಚೆ ಎಲ್ಲರಿಗಿಂತ ಮುಂದೆ ನಿಂತಿದ್ದ.

ಅಕ್ಕನ ಹೊಡೆತಗಳು ನೂಲು ಹಿಡಿದಷ್ಟು ನೆಟ್ಟಗೆ ಹೋದವು. ಆದರೆ ಪ್ರತಿ ಸಲ ಇಪ್ಪತ್ತು ಗಜ ಗಿಡ್ಡ! ಕ್ಯಾಡಿಗಳು ಅಭ್ಯಾಸ ಮಾಡುವುದು ತಮ್ಮ ಶೆಡ್ಡಿನ ಹಿಂದಿನ ಮೂವತ್ತು ಗಜದ ಜಾಗದಲ್ಲಿ. ಅಲ್ಲಿ ಪೂರ್ತಿ ಕೈ ಬೀಸಿದರೆ ಎದುರಿನ ಅಡುಗೆಮನೆಯ ಕಿಟಕಿ ಉಳಿದೀತೆ? ಅದರಿಂದಾಗಿ ಹತ್ತಿರದ ಚೆಂಡನ್ನು ಎಬ್ಬಿಸಿ ಕುಳಿಯ ಪಕ್ಕ ಇಳಿಸುವುದರಲ್ಲಿ ಅಕ್ಕ ಎತ್ತಿದ ಕೈ. ಆ ವಿದ್ಯೆಯೊಂದೇ ಎಂಟು ಕುಳಿ ದಾಟಿಸಿತು.

ಎಂಟನೆಯದು ಮುಗಿದಾಗ ದರ್ಜಿ ನೀರಿನ ಬಾಟಲಿ ಚಾಚಿದ. "ಪಕ್ಕಕ್ಕೆ ಒಂದೂ ಹೋಗಲ್ಲ, ಎಲ್ಲಾ ಗಿಡ್ಡ ಆಗುತ್ತೆ. ನಮ್ಮಂಗಡೀಲಿ ಹಿಂಗಾದ್ರೆ, ಯಾರದೋ ಅಳತೆಗೆ ಇನ್ಯಾರಿಗೋ ಅಂಗಿ ಕತ್ತರಿಸಿದ್ದೀನಿ ಅಂತ ಅರ್ಥ ಕಣೇ."

"ನಿಮ್ಮ ಅಂಗಡಿ ಪುರಾಣ ಮನೇಲಿ ಹೇಳ್ರೀ" ಎಂದು ಗದರಿ ಅಕ್ಕ ಮುಂದೆ ಕುಂಟಿದಳು. ಅಂಗಿಯ ಮಾತಿಗೆ ದಂಡ ಹಾಕುವ ನಿಯಮ ಪುಣ್ಯಕ್ಕೆ ಇನ್ನೂ ಬಂದಿರಲಿಲ್ಲ.

ಒಂಬತ್ತನೆಯದೇ ಕೊನೆಯ ಕುಳಿ. ಉಳಿದವರಲ್ಲಿ ಎಲ್ಲರಿಗಿಂತ ಮುಂದಿದ್ದ ಮೀಸೆಯ ಕ್ಯಾಡಿಯೊಬ್ಬ ಆಗಲೇ ಆಟ ಮುಗಿಸಿ ಮೀಸೆ ತಿರುವುತ್ತಿದ್ದ. ಅಕ್ಕ ಇಲ್ಲಿ ನಾಲ್ಕು ಹೊಡೆತದ ಪಾರ್ ಮಾಡಿದರೆ ಗೆಲುವು. ಐದಾದರೆ ಸಮ, ಮತ್ತೆ ಮೂರು ಕುಳಿ ಆಡಬೇಕು. ಈ ಮೊಣಕಾಲಿಗೆ ಮೂರು ಮಾರು ನಡೆಯುವುದೇ ಹೆಚ್ಚು. ಮೊದಲ ಹೊಡೆತ ಸೊಗಸಾಗಿ ಬಿತ್ತು. ಮುಂದೆ ನೂರ ನಲವತ್ತು ಗಜ. ನಡುವೆ ಡಾಕ್ಟರ ಚೆಂಡುಗಳನ್ನೆಲ್ಲ ನುಂಗಿದ ಅದೇ ಕೊಳ. ಬಾವುಟ ಬಲಕ್ಕೆ, ನೀರಿನ ಅಂಚಿನಲ್ಲೇ ಕುಣಿಯುತ್ತಿತ್ತು. ಇಲ್ಲಿ ಗಿಡ್ಡವಾದರೆ ಚೆಂಡು ನೇರ ನೀರಿಗೆ.

ಕೈ ತನ್ನಷ್ಟಕ್ಕೆ ಹೋಗಿ ಏಳನೇ ನಂಬರನ್ನು ಎಳೆಯಿತು. ಡಾಕ್ಟರು ಬ್ಯಾಗನ್ನು ತಬ್ಬಿಕೊಂಡು, ಹಲ್ಲು ಕಚ್ಚಿಕೊಂಡು ನಿಂತಿದ್ದರು. ಮುಖ ಕೆಂಪೇರಿತ್ತು. ಅಕ್ಕ ಅವರನ್ನು ನೋಡಿದಳು. ಆರಡಿ ದೇಹ. ಮೊಣಕಾಲು ಮುಟ್ಟುವಂಥ ಕೈ. ಆಮೇಲೆ ತನ್ನ ಕೈ ನೋಡಿಕೊಂಡಳು.

ಆಗ ಹೊಳೆಯಿತು. ದೂರ ಅಳೆದದ್ದೆಲ್ಲ ತನ್ನ ಕಣ್ಣಿನಿಂದ. ಕ್ಲಬ್ಬು ಆರಿಸಿದ್ದೆಲ್ಲ ಡಾಕ್ಟರ ತೋಳಿಗೆ. ಬೆಳಗಿನಿಂದ ಎಂಟೂ ಕುಳಿಯಲ್ಲಿ ಅವರ ಅಂಗಿ ತೊಟ್ಟು ಆಡಿದ್ದಳು. ಗಂಡ ಹೇಳಿದ್ದೂ ಅದನ್ನೇ. ಏಳನ್ನು ಬ್ಯಾಗಿಗೆ ತುರುಕಿ ಐದನ್ನು ಎಳೆದಳು. ಡಾಕ್ಟರ ಗಂಟಲಿನಿಂದ ಏನೋ ಸದ್ದು ಹೊರಟಿತು. ಪಾಪ, ಅದನ್ನು ಕೆಮ್ಮಾಗಿ ಮುಗಿಸಿದರು.

ಬಾವುಟದ ಕಡೆ ಅಕ್ಕ ತಿರುಗಿಯೂ ನೋಡಲಿಲ್ಲ. ಹಸಿರಿನ ನಡುಮಧ್ಯೆ ಗುರಿಯಿಟ್ಟು ಬೀಸಿದಳು. ಚೆಂಡು ಏರಿತು, ಕೊಳದ ಮೇಲೆ ಗಾಳಿಯಲ್ಲಿ ತೇಲಿತು. ನೀರು ದಾಟಿ, ಹಸಿರಿನ ಮೇಲೆ ಎರಡು ಪುಟ ನೆಗೆದು ಚೆಂಡು ನಿಂತಿತು. ದರ್ಜಿ ಪಕ್ಕದವರನ್ನು ಹಿಡಿದು ಅಲ್ಲಾಡಿಸುತ್ತ, "ಚೆನ್ನಾಗಾಯ್ತಾ? ಇದು ಚೆನ್ನಾಗಾಯ್ತು ತಾನೆ?" ಎಂದು ಕೇಳುತ್ತಿದ್ದ.

ಕುಳಿಗೆ ಇನ್ನೂ ಹತ್ತು ಮಾರು. ಮೆಲ್ಲಗೆ ದೂಡಿದಳು, ಒಂದು ಗೇಣು ದೂರದಲ್ಲಿ ನಿಂತಿತು. ಇನ್ನೊಮ್ಮೆ ದೂಡಿದಳು, ಚೆಂಡು ಟಪ್ಪೆಂದು ಒಳಗೆ ಬಿತ್ತು. ನಾಲ್ಕು. ಮೈದಾನವೇ ಹೋ ಎಂದಿತು. ಮೀಸೆಯವನೂ ಬಂದು ಕೈ ಮುಗಿದ. ಅಕ್ಕ ಅಲ್ಲೇ ಹುಲ್ಲಿನ ಮೇಲೆ ಕೂತು, ಮೊಣಕಾಲು ಹಿಡಿದುಕೊಂಡು ಅತ್ತಳು, ನಕ್ಕಳು.

"ಇನ್ನು ಮಾತಾಡ್ಬಹುದಾ ಅಕ್ಕಾ?" ಎಂದರು ಡಾಕ್ಟರು. "ಮೂರನೇ ಕುಳಿಯಿಂದ ಹೊಟ್ಟೆ ಉಬ್ಬರಿಸ್ತಿದೆ ನಂಗೆ." ಅಭ್ಯಾಸಬಲದಿಂದ ಬ್ಯಾಗನ್ನು ಅವಳತ್ತ ಚಾಚಿದರು. ಅರ್ಧದಲ್ಲೇ ಕೈ ತಡೆಯಿತು. ಮತ್ತೆ ತಮ್ಮ ಹೆಗಲಿಗೇ ಏರಿಸಿಕೊಂಡು, "ನಾಳೆ ಬೆಳಿಗ್ಗೆ ಬರ್ತೀನಿ. ಮೊದಲಿಂದ ಕಲಿಸಿ" ಎಂದರು.

"ಹೇಳಿದ ಮಾತು ಕೇಳೋದಾದ್ರೆ ಬನ್ನಿ" ಎಂದಳು ಕೋಚು.

ಕಾರ್ಯದರ್ಶಿ ನೀಲಿ ಕೋಟು ತಂದು ತೊಡಿಸಿದರು. ಹಳೆಯ ಕೋಚ್ ಅವರದು; ತೋಳು ಬೆರಳನ್ನೂ ದಾಟಿ ಜೋತಾಡಿತು. ದರ್ಜಿ ಜನರನ್ನು ಸರಿಸಿ ಬಂದು, ಕೊರಳಿನ ಟೇಪು ತೆಗೆದು, ಜೇಬಿನಿಂದ ಸೀಮೆಸುಣ್ಣದ ಚೂರು ಹುಡುಕಿದ.

"ಕೈ ಚಾಚು."

ಚಾಚಿದಳು. "ಸರಿಯಾಗಿ ಅಳೀರಿ. ಒಂದಿಂಚೂ ಉದ್ದ ಬಿಡ್ಬೇಡಿ."