ಟಿ ಡ್ರೈವ್ ಖಾಲಿ ಮಾಡಿದವನು ನಾನು

ನಾಗವೇಣಿ, ಆ ಫೋಟೋಗಳನ್ನು ಅಳಿಸಿದವಳು ನೀನಲ್ಲ. ನಾನು. ನಿನ್ನ ಗಂಡನ ಫೋಟೋ ಹೋದದ್ದೂ ನನ್ನ ಕೈಯಿಂದಲೇ. ನಾಲ್ಕು ವರ್ಷ ಇದನ್ನು ನುಂಗಿಕೊಂಡು ಕೂತೆ. ಓದಿದ್ದು ನಾಲ್ಕನೇ ಇಯತ್ತೆ, ಬರೆಯಲು ಬರದೆ ಮುಂದೂಡಿದೆ ಅನ್ನಬಹುದು—ಅದೂ ಸುಳ್ಳು.

ನನ್ನ ಮೊಮ್ಮಗಳು ಸುಮಾ ಕೊಟ್ಟೂರಿನಲ್ಲಿ ಅಂಗಡಿ ಇಟ್ಟು, ನೀನು ತಂಬ್ರಹಳ್ಳಿಯಿಂದ ದಿನಾ ಬಸ್ಸಿಗೆ ಕೆಲಸಕ್ಕೆ ಬರುತ್ತಿದ್ದ ಕಾಲ. ಜನ ತಮ್ಮ ಸತ್ತ ಹಿರಿಯರ ಹಳೇ ಫೋಟೋ ತರುತ್ತಿದ್ದರು—ಗೆದ್ದಲು ತಿಂದದ್ದು, ಮಡಚಿ ಬಿರಿದದ್ದು. ನೀವಿಬ್ಬರೂ ಕಂಪ್ಯೂಟರಿನಲ್ಲಿ ತಿದ್ದಿ, ಕಟ್ಟು ಹಾಕಿಸಿ ಕೊಡುತ್ತಿದ್ದಿರಿ. ಅವು ಡಿ ಡ್ರೈವಿನಲ್ಲಿ ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು. ಅಷ್ಟು ಉದ್ದದ ದಾರಿಯನ್ನು ಫೋಟೋ ತಿದ್ದುವ ಸಾಫ್ಟ್‌ವೇರ್ ಒಪ್ಪುತ್ತಿರಲಿಲ್ಲವಂತೆ. ಅದಕ್ಕೆ ಸುಮಾ ಒಂದು ಉಪಾಯ ಮಾಡಿದ್ದಳು. ಕಪ್ಪು ಪರದೆಯಲ್ಲಿ ‘ಸಬ್‌ಸ್ಟ್’ ಅಂತ ಶುರುವಾಗುವ ಒಂದು ಸಾಲು ಹೊಡೆದರೆ, ಆ ಫೋಲ್ಡರು ಟಿ ಎಂಬ ಡ್ರೈವ್ ಆಗಿ ಎದುರಿಗೇ ಬರುತ್ತಿತ್ತು. ಮಷೀನು ಬಂದ್ ಮಾಡಿದರೆ ಟಿ ಮಾಯ. ಹಾಗಾಗಿ ದಿನಾ ಬೆಳಿಗ್ಗೆ ನೀನು ಊದಿನಕಡ್ಡಿ ಬೆಳಗಿ, ಆ ಸಾಲು ಹೊಡೆಯಬೇಕಿತ್ತು. ಮಾನಿಟರಿಗೆ ಅಂಟಿಸಿದ ಚೀಟಿ ನೋಡಿ ನಾನು ಒಂದೊಂದೇ ಅಕ್ಷರ ಹೇಳುವುದು, ನೀನು ಒತ್ತುವುದು. “ಮಾಸ್ತರು ಬಂದ್ರು, ಇನ್ನ ಟಿ ಹುಟ್ಟತೈತಿ” ಎಂದು ನಗುತ್ತಿದ್ದೆ ನೀನು.

ಆ ದಿನ ಸುಮಾ ಹರಪನಹಳ್ಳಿಗೆ ಡಾಕ್ಟರ ಹತ್ತಿರ ಹೋಗಿದ್ದಳು. ನೀನು ಗಿರಾಕಿಯ ಮನೆಗೆ ಫೋಟೋ ಕೊಡಲು ಹೋಗಿದ್ದೆ. ಸುಮಾಳ ಫೋನು ಬಂತು. “ಅಜ್ಜಾ, ನೀ ಮುತ್ತಜ್ಜ ಆಗ್ತಿ.” ಮದುವೆಯಾಗಿ ಒಂಬತ್ತು ವರ್ಷಕ್ಕೆ ಕೇಳಿದ ಮಾತು. ಸಂತೋಷ ಮೈಯಲ್ಲಿ ಹಿಡಿಸಲಿಲ್ಲ. ಕೈ ಸುಮ್ಮನಿರಲಿಲ್ಲ. ಆ ಹುಡುಗಿಗೆ ಏನಾದರೊಂದು ಕೆಲಸ ಹಗುರ ಮಾಡಬೇಕು—

ಜಾಗ ತುಂಬಿದೆ ಎಂದು ಕಂಪ್ಯೂಟರು ಕೆಂಪು ಗೆರೆ ತೋರಿಸುತ್ತಿತ್ತು. ನೋಡಿದರೆ ಡಿಯಲ್ಲಿದ್ದ ಫೋಟೋಗಳೇ ಟಿಯಲ್ಲೂ ಇದ್ದವು. ಅದೇ ಮುಖ, ಅದೇ ಸಾಲು. ಎರಡೆರಡು ಯಾಕೆ ಅನ್ನಿಸಿತು. ಟಿಯಲ್ಲಿದ್ದವನ್ನೆಲ್ಲ ಅಳಿಸಿದೆ. ಅವು ಹೋಗಿ ಬಿದ್ದ ಕಸದ ಬುಟ್ಟಿಯನ್ನೂ, ಸುಮಾ ಕಲಿಸಿದ ಹಾಗೇ, ಖಾಲಿ ಮಾಡಿದೆ. ಗುಡಿಸಿದ ಮೇಲೆ ಕಸ ಒಳಗೆ ಬಿಡಬಾರದಲ್ಲ. ಆಮೇಲೆ ಡಿ ತೆರೆದೆ. ಅಲ್ಲೂ ಏನೂ ಇರಲಿಲ್ಲ.

ಮಷೀನು ಬಂದ್ ಮಾಡಿದೆ. ನೀನು ಬಂದಾಗ, ಅದು ಬಹಳ ಬಿಸಿಯಾಗಿತ್ತು ಅಂತ ನಾನು ಸುಳ್ಳು ಹೇಳಿದೆ. ಮರುದಿನ ಬೆಳಿಗ್ಗೆ ಏನೂ ಗೊತ್ತಿಲ್ಲದವನ ಹಾಗೆ ಚೀಟಿ ಓದಿದೆ. ನೀನು ಒತ್ತಿದೆ. ಟಿ ಬಂತು, ಖಾಲಿ.

“ಟಿ ಅಂದ್ರ ಬ್ಯಾರೆ ಜಾಗ ಅಲ್ಲ ನಾಗಕ್ಕಾ,” ಸುಮಾ ನಿನಗೆ ಹೇಳಿದಳು. “ನಮ್ಮಜ್ಜ ಮನಿಯಾಗ ಚೌಡಜ್ಜ, ರೇಷನ್ ಕಾರ್ಡಿನಾಗ ಚೌಡಪ್ಪ. ಮನಿಷಾ ಒಬ್ಬನ. ಹಂಗ ಇದು, ಅದ ಫೋಲ್ಡರಿಗೆ ಇನ್ನೊಂದು ಹೆಸರು. ಸಾಲು ಹೊಡಿವಾಗ ಏನರ ತಪ್ಪಾತೇನು?”

ನೀನು ನಿನ್ನ ಬೆರಳು ನೋಡಿಕೊಂಡೆ. “ಆಗಿರಬೇಕು” ಅಂದೆ.

ನಾನು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದೆ. ಆಗ ಬಾಯಿ ತೆರೆದಿದ್ದರೆ—ತೆರೆಯಲಿಲ್ಲ. ಸುಮಾ ಕಂಪ್ಯೂಟರು ಬಲ್ಲವರನ್ನು ಕರೆಸಿದಳು. ಮರಳಿ ಬಂದ ಫೋಟೋಗಳಲ್ಲಿ ಮೂಗಿನವರೆಗೆ ಮುಖ, ಕೆಳಗೆ ಬೂದಿ ಬಣ್ಣ. ತೀರಿಹೋದ ನಿನ್ನ ಗಂಡನದು ಅಷ್ಟೂ ಬರಲಿಲ್ಲ. ನಿನ್ನಲ್ಲಿದ್ದದ್ದೇ ಅದೊಂದು ಫೋಟೋ, ಕೆಟ್ಟುಹೋದ ಫೋನಿನಿಂದ ಉಳಿಸಿ ಅದೇ ಫೋಲ್ಡರಿನಲ್ಲಿ ಇಟ್ಟದ್ದು. ವಾರದೊಳಗೆ ನೀನು ಕೆಲಸ ಬಿಟ್ಟೆ.

ಮೊನ್ನೆ ಮರಿಮಗನಿಗೆ ಮೂರು ತುಂಬಿದ್ದಕ್ಕೆ ನೀನು ಶೇಂಗಾ ಉಂಡಿ ಕಟ್ಟಿಕೊಂಡು ಬಂದೆ. “ಅಜ್ಜನ ಮಾರಿ ನೋಡ್ರಿ, ಹುಟ್ಟಿದಹಬ್ಬ ಇವಂದ ಇದ್ದಂಗೈತಿ” ಎಂದು ಎಲ್ಲರನ್ನೂ ನಗಿಸಿದೆ. ನನಗೆ ಖುಷಿ ಇತ್ತು, ಸುಳ್ಳಲ್ಲ. ಮಗು ತೊಡೆಯ ಮೇಲೆ ಕುಣಿಯುತ್ತಿತ್ತು. ಅಂಗಡಿಗೆ ತಿರುಗಿ ಬಾ ಎಂದು ಸುಮಾ ಕರೆದಳು. ನೀನು ನಗುತ್ತಲೇ ಹೇಳಿದೆ, “ಬ್ಯಾಡವ್ವಾ. ಸತ್ತವನ್ನ ಇನ್ನೊಮ್ಮಿ ಸಾಯಿಸಿದ ಕೈ ಇದು.”

ನನ್ನ ಬಾಯಲ್ಲಿದ್ದ ಉಂಡಿಗೆ ರುಚಿ ಇರಲಿಲ್ಲ. ಅವತ್ತಿನಿಂದ ಯಾವುದಕ್ಕೂ ಇಲ್ಲ. ಮಗು ಕೆನ್ನೆ ಮುಟ್ಟುತ್ತದೆ, ಬೇರೆ ಯಾರದೋ ಕೆನ್ನೆ ಮುಟ್ಟಿದ ಹಾಗೆ.

ಇವತ್ತು ಇದನ್ನು ಸುಮಾಗೆ ಓದಿ ಹೇಳುತ್ತೇನೆ. ನಾಳೆ ಬಸ್ಸಿಗೆ ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಜೊತೆಗೆ ಮಾನಿಟರಿನ ಆ ಚೀಟಿ ಇದೆ, ನೀನು ಬಿಟ್ಟುಹೋದ ದಿನ ಕಿತ್ತಿಟ್ಟುಕೊಂಡದ್ದು. ಆ ಬೆಳಿಗ್ಗೆ ನೀನು ಒತ್ತಿದ್ದನ್ನೆಲ್ಲ ಪಕ್ಕದಲ್ಲೇ ನಿಂತು ನೋಡಿದವನು ನಾನು. ಒಂದಕ್ಷರವೂ ತಪ್ಪಿರಲಿಲ್ಲ, ತಂಗಿ.