ಗಡಿಯಾರದಂಗಡಿಯ ಬಿಳಿ ಶೆಟ್ಲಿ

...ಇಲ್ಲ, ಹಾಗಿರಲಿಕ್ಕಿಲ್ಲ. ಆ ವಾಸನೆ ಆ ಅಂಗಡಿಯದೇ ಎಂದು ಆಣೆ ಮಾಡಿ ಹೇಳಲಾರೆ. ಮೊನ್ನೆ ಕುಮಟೆಯಲ್ಲಿ ಬಣ್ಣದ ಮೀನು ಮಾರುವ ಅಂಗಡಿಯೊಂದರಲ್ಲಿ ಮೀನಿನ ತೊಟ್ಟಿಗೆ ಹಾಕುವ ಒಣಗಿದ ಬಾದಾಮಿ ಎಲೆಗಳನ್ನು ಪ್ಲಾಸ್ಟಿಕ್ ಲಕೋಟೆಗೆ ತುಂಬಿ ಮಾರಾಟಕ್ಕಿಟ್ಟಿದ್ದರು. ಕಡಲತೀರದ ಉದ್ದಕ್ಕೂ ಪುಕ್ಕಟೆ ಉದುರಿ ಬಿದ್ದಿರುವ ಎಲೆ! ನಗು ಬಂತು. ಲಕೋಟೆ ಎತ್ತಿ ಮೂಸಿದೆ. ಹಳೆಯ ಚಹಾಪುಡಿ, ಒದ್ದೆ ಮರ, ಮತ್ತೆ ಇನ್ನೇನೋ... ಹೊನ್ನಾವರದ ವಾಚ್ ರಿಪೇರಿಯವರು ನೆನಪಾದರು. ಅಥವಾ ಅವರನ್ನು ನೆನೆಯಲು ನಾನೇ ಒಂದು ನೆಪ ಹುಡುಕುತ್ತಿದ್ದೆನೋ ಏನೋ. ವಾಸನೆಯ ಬೆನ್ನು ಹಿಡಿದು ನೆನಪು ತಾನಾಗಿ ನಡೆದು ಬರುತ್ತದೆ ಎಂಬ ಮಾತನ್ನು ನಾನು ಅಷ್ಟಾಗಿ ನಂಬುವವಳಲ್ಲ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ನಾನು ಹೊನ್ನಾವರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ವಾಚ್ ರಿಪೇರಿಯವರ ಮನೆಯ ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿದ್ದೆ. ಊರು ಹಿಡಿಸಿರಲಿಲ್ಲ. ಆಗ ಯಾವ ಊರಿದ್ದರೂ ಹಿಡಿಸುತ್ತಿರಲಿಲ್ಲ ಎನ್ನಿ. ವರ್ಗಾವಣೆಗೆ ಅರ್ಜಿ ಹಾಕಿ, ಸಂಜೆಗಳನ್ನು ಏನು ಮಾಡಬೇಕೆಂದು ತಿಳಿಯದೆ, ಕೆಳಗಿನ ಅವರ ಅಂಗಡಿಗೆ ಇಳಿಯುತ್ತಿದ್ದೆ. ಮುಂದುಗಡೆ ರಿಪೇರಿಯ ಮೇಜು. ಪರದೆಯ ಆಚೆ ನಾಲ್ಕು ಗಾಜಿನ ತೊಟ್ಟಿ. ಮೂರರಲ್ಲಿ ಕೆಂಪು ಬಿಳಿ ಪಟ್ಟೆಯ ಪುಟ್ಟ ಸಿಗಡಿಗಳು, ಅಲ್ಲಿಯವರ ಬಾಯಲ್ಲಿ ಶೆಟ್ಲಿ. ಒಂದೊಂದೂ ಕಿರುಬೆರಳಿನ ಗೆಣ್ಣಿನಷ್ಟು ಉದ್ದ. ಹಡಗಿನ ಕೆಲಸದಲ್ಲಿದ್ದ ಅವರ ಭಾವಮೈದುನ ಸಿಂಗಾಪುರದಿಂದ ಹತ್ತು ತಂದಿದ್ದನಂತೆ, ಬದುಕಿದ್ದು ಏಳು. ಆ ಏಳರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳನ್ನೆಲ್ಲ ಆರಿಸಿ, ಬೇರೆ ಮಾಡಿ, ಕೂಡಿಸಿ, ಅವರು ಬಿಳಿಯನ್ನು ಬೆಳೆಸುತ್ತಿದ್ದರು. ಕೆಂಪು ಕಡಿಮೆಯಾಗುತ್ತ ಹೋಗಬೇಕು, ಬಿಳಿ ಗಟ್ಟಿಯಾಗುತ್ತ ಬರಬೇಕು. ಕೊನೆಗೆ ತಲೆಯ ಮೇಲೆ ಕುಂಕುಮದ ಬೊಟ್ಟಿನಷ್ಟು ಕೆಂಪು ಉಳಿದರೆ ಸಾಕು. ಅದೇ ಎಲ್ಲಕ್ಕಿಂತ ಮೇಲಿನ ದರ್ಜೆ.

"ಹಾಲಿನ ಬಿಳಿ ಉಪಯೋಗಿಲ್ಲ ಅಕ್ಕೋರೆ, ಒಳಗಿಂದು ಕಾಣ್ತದೆ. ಸುಣ್ಣದ ಬಿಳಿ ಬೇಕು. ಚಿಪ್ಪಿ ಸುಣ್ಣ," ಎನ್ನುತ್ತಿದ್ದರು. ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಆ ಊರಿಗೆ ಅಕ್ಕೋರು.

ಹೊಳೆಯಾಚೆಯ ಕಾಸರಕೋಡಿನಿಂದ ಮೀನು ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಗೋಡೆ ಗಡಿಯಾರ ರಿಪೇರಿಗೆ ಕೊಟ್ಟಿದ್ದಳು. ಪರದೆ ಸರಿಸಿ ನೋಡಿ, "ಇಶ್ಶೀ, ಇದ್ರ ಸಾರು ಮಾಡೂಕೆ ಒಂದು ಕೊಡ ಶೆಟ್ಲಿ ಬೇಕಾಗ್ತದಲ್ರಾ!" ಎಂದಳು.

"ನಿನ್ನ ಗಡಿಯಾರ ನಡೀಬೇಕಾ ಬೇಡ್ವಾ? ಅದು ಹೇಳು ಮೊದ್ಲು," ಎಂದರು ಇವರು, ತಲೆ ಎತ್ತದೆ.

ನಾಲ್ಕನೆಯ ತೊಟ್ಟಿಯಲ್ಲಿ ಊರಿನದೇ ಶೆಟ್ಲಿ, ಗಾಜಿನಂಥವು. ಭಟ್ಕಳದ ಕಡೆಯ ಹಳ್ಳವೊಂದರಿಂದ ಚಹಾ ಸೋಸುವ ಜಾಳಿಗೆಯಲ್ಲಿ ಅವರೇ ಹಿಡಿದು ತಂದವು. ಹೊಸದೇನಿದ್ದರೂ, ಬಾದಾಮಿ ಎಲೆಯಾಗಲಿ ಕಲ್ಲಾಗಲಿ, ಮೊದಲು ಹಳ್ಳದ ಶೆಟ್ಲಿಯ ತೊಟ್ಟಿಗೆ. ಅವು ಎರಡು ದಿನ ಬದುಕಿದರೆ ಆಮೇಲೆ ಬಣ್ಣದವಕ್ಕೆ. ಒಂದಕ್ಕೆ ಮಾತ್ರ ಈ ಪರೀಕ್ಷೆ ಇರಲಿಲ್ಲ: ಮನೆಯ ಹಿಂದಿನ ಚಿರೆಕಲ್ಲಿನ ಬಾವಿಯ ನೀರಿಗೆ. ಬಾವಿ ನೀರು ಬಿಟ್ಟು ಬೇರೆ ನೀರಿನ ಹನಿಯೂ ಕೂಡದು ಎಂಬುದು ಕಟ್ಟಳೆ.

ಅವರ ಕಣ್ಣಿನ ವಿಷಯ ನನಗೆ ತಿಳಿದದ್ದು ಒಂದು ವಾಚಿನ ಪಟ್ಟಿಯಿಂದ. ಕಾಲೇಜಿನ ಹುಡುಗಿಯೊಬ್ಬಳು ಬಿಳಿ ಪಟ್ಟಿ ಕೇಳಿದಳು. ಇವರು ಹಾಕಿಕೊಟ್ಟದ್ದು ಎಳೆ ಹಳದಿ. "ನಾ ಬಿಳೀದು ಕೇಳಿದ್ದಲ್ರಾ?" ಎಂದಳು. ಅವರು ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಇದು ಬಿಳಿ ಅಲ್ದೆ ಎಂತದು?" ಎಂದರು. ಹುಡುಗಿ ನನ್ನ ಮುಖ ನೋಡಿದಳು. ನಾನು ಅವರ ಮುಖ ನೋಡಿದೆ. ಅವರ ಹಣೆ ಬೆವೆತಿತ್ತು... ಬೆವೆತಿತ್ತು ಎಂದು ಈಗ ಬರೆಯುತ್ತಿದ್ದೇನೆ, ಆಗ ಕಂಡಿದ್ದೆನೋ ಇಲ್ಲವೋ.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಲೋಕಕ್ಕೆಲ್ಲ ತೆಳ್ಳಗೆ ಅರಿಶಿನ ಹಚ್ಚಿದಂತೆ ಕಾಣುತ್ತದೆ ಎಂದು ಆ ಸಂಜೆ ಒಪ್ಪಿಕೊಂಡರು. ವಾಚಿನ ಕೆಲಸವನ್ನು ಬೆರಳ ಅಂದಾಜಿನಲ್ಲಿ ನಡೆಸುತ್ತಿದ್ದರು. ಶೆಟ್ಲಿಗಳ ಬಿಳಿಯನ್ನು ಅಳೆಯುವುದು ಬೆರಳಿಗೆ ಆಗದ ಕೆಲಸ. ಹಾಗೆ ಅವರ ಕಣ್ಣಿನ ಕೆಲಸ ನನಗೆ ಬಂತು. ಕಪ್ಪು ಬಟ್ಟೆಯ ಮುಂದೆ ಒಂದು ಲೋಟ, ಲೋಟದಲ್ಲಿ ಒಂದು ಶೆಟ್ಲಿ. "ಹಾಲೋ ಸುಣ್ಣವೋ?" ನಾನು ಹಾಲು ಎಂದರೆ ಅದು ಬೇರೆಯವರ ಮನೆಯ ಗಾಜಿನ ಬರಣಿಗೆ ಹೋಗುತ್ತಿತ್ತು. ಸುಣ್ಣ ಎಂದರೆ ಮೊದಲನೆಯ ತೊಟ್ಟಿಗೆ. ಒಂದು ವಂಶದ ಮುಂದಿನ ದಾರಿಯನ್ನು ನನ್ನಂಥವಳ ಬಾಯಿಮಾತಿನ ಮೇಲೆ ಬಿಟ್ಟಿದ್ದರು. ನನಗೋ, ಕೆಲವು ಸಂಜೆ ಕಾಪಿ ಪುಸ್ತಕ ತಿದ್ದುವುದಿರುತ್ತಿತ್ತು, ಕೆಲವು ಸಂಜೆ ಸುಮ್ಮನೆ ಬೇಜಾರು.

ಒಂದು ಹೆಣ್ಣಿತ್ತು. ಮೈಯೆಲ್ಲ ಬಿಳಿ, ತಲೆಯ ಮೇಲೆ ಒಂದೇ ಬೊಟ್ಟು. ನಾನು "ಸುಣ್ಣ" ಎಂದೆ. ಅವರು ಮತ್ತೆ ಕೇಳಿದರು. ಮತ್ತೆ "ಸುಣ್ಣ" ಎಂದೆ. ಕೆಲವು ವಾರಗಳ ನಂತರ ಅದು ಹೊಟ್ಟೆಯಡಿ ಮೊಟ್ಟೆ ಕಟ್ಟಿಕೊಂಡಿತು. ಮರುದಿನವೇ ಅವರು ಮಂಗಳೂರಿಗೆ ಫೋನು ಮಾಡಿ ಆಪರೇಶನ್ನಿಗೆ ದಿನ ಕೇಳಿದರು. ಎರಡು ವರ್ಷದಿಂದ ಹೆಂಡತಿ ಹೇಳಿ ಹೇಳಿ ಸೋತ ಕೆಲಸ.

"ನಾ ಹೇಳಿದ್ರೆ ಕಿವುಡು. ಶೆಟ್ಲಿ ಬಸುರಾದ್ರೆ ಕಣ್ಣು ಬೇಕು!" ಎಂದು ಆಕೆ ನನಗೆ ಕೇಳಿಸುವಂತೆ ಒಳಗಿನಿಂದಲೇ ಕೂಗಿದರು.

"ಇದ್ರ ಮರಿ ಮಾತ್ರ ನನ್ನ ಕಣ್ಣಲ್ಲೇ ನೋಡ್ತೆ ಅಕ್ಕೋರೆ," ಎಂದರು ಅವರು. ಸಿಕ್ಕ ದಿನ ಮೊಟ್ಟೆಗಳು ಒಡೆಯುವ ಹೊತ್ತಿಗೇ ಬಿತ್ತು. ನಾಲ್ಕು ದಿನದ ಮಾತು ಎಂದು ತಂಗಿಯ ಮಗನ ಜೊತೆ ಹೊರಟರು. ತೊಟ್ಟಿಗಳನ್ನು ನನಗೂ ಹೆಂಡತಿಗೂ ಒಪ್ಪಿಸಿದರು. ಫ್ಯಾನು ನೀರಿನ ಮೇಲೆ ಸದಾ ಬೀಸುತ್ತಿರಬೇಕು, ಈ ಜಾತಿಗೆ ಸೆಕೆ ತಡೆಯುವುದಿಲ್ಲ. ನೀರು ಇಳಿದರೆ ಬಾವಿಯದು ಮಾತ್ರ.

ಮೇ ತಿಂಗಳು. ಎರಡನೆಯ ದಿನ ಬೆಳಿಗ್ಗೆಯೇ ಕರೆಂಟು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಕೈ ಅದ್ದಿದರೆ ತೊಟ್ಟಿಯ ನೀರು ಉಗುರುಬೆಚ್ಚಗೆ. ಶೆಟ್ಲಿಗಳು ಮೇಲ್ಗಡೆ ಬಂದು ಗಾಜಿಗೆ ಅಂಟಿಕೊಂಡಿದ್ದವು. ನಾವಿಬ್ಬರೂ ಹೆದರಿದೆವು, ಬಾವಿಯಿಂದ ಸೇದಿ ತರುವಷ್ಟೂ ತಾಳ್ಮೆ ಉಳಿಯಲಿಲ್ಲ. ಅಡಿಗೆಮನೆಯಲ್ಲಿ ತಾಮ್ರದ ಕೊಡವಿತ್ತು. ಹುಣಸೆಹಣ್ಣಿನಲ್ಲಿ ತಿಕ್ಕಿ ಫಳಫಳ ಮಾಡಿ, ಹಿಂದಿನ ಸಂಜೆ ಕುಡಿಯಲೆಂದು ತುಂಬಿಟ್ಟ ತಣ್ಣನೆಯ ನೀರು. "ಇದೂ ಬಾವೀದೇ ಅಲ್ರಾ," ಎಂದರು ಅವರ ಹೆಂಡತಿ. ಮನೆಯಲ್ಲಿ ಅದಕ್ಕಿಂತ ಶುದ್ಧವಾದ ನೀರು ಬೇರೆ ಇರಲಿಲ್ಲ. ಮೂರು ತೊಟ್ಟಿಗೂ ಹಾಕಿದೆವು. ಹಳ್ಳದವು ಗಟ್ಟಿ ಜೀವ, ಅವಕ್ಕೆ ಬೇಡವೆಂದು ಬಿಟ್ಟೆವು.

ಮಾರನೆಯ ಸಂಜೆಯೊಳಗೆ ಮೂರು ತೊಟ್ಟಿಯಲ್ಲೂ ಜೀವವಿರಲಿಲ್ಲ.

ಅವರಿಗೆ ಫೋನಿನಲ್ಲಿ ಹೇಳಲಿಲ್ಲ. ಕರಿ ಕನ್ನಡಕ ಹಾಕಿಕೊಂಡು ಬಂದರು. ಅಂಗಡಿಯ ಬಾಗಿಲಲ್ಲಿ ಕನ್ನಡಕ ತುಸು ಎತ್ತಿ ಗೋಡೆ ನೋಡಿ ಗಾಬರಿಯಾದರು. "ಅಯ್ಯೊ, ಇಷ್ಟು ಹೊಲಸಿತ್ತನೇ ಇದು?"

"ಕಣ್ಣು ಬಂತಲ್ಲ, ಇನ್ನು ನೀವೇ ಸುಣ್ಣ ಬಳೀರಿ," ಎಂದರು ಹೆಂಡತಿ. ಎಲ್ಲರೂ ನಕ್ಕೆವು. ನಗುತ್ತಲೇ ಅವರು ಪರದೆ ಸರಿಸಿದರು...

ಆ ಹೆಣ್ಣನ್ನು ನಾನು ಒಂದು ಬಟ್ಟಲಲ್ಲಿ ಎತ್ತಿಟ್ಟಿದ್ದೆ. ಮೊಟ್ಟೆಗಳು ಹೊಟ್ಟೆಯಡಿಯೇ ಇದ್ದವು. ಸತ್ತ ಮೇಲೆ ಶೆಟ್ಲಿಗಳ ಮೈ ಬೇಯಿಸಿದಂತೆ ಕೆಂಪಗಾಗುತ್ತದೆ. ಅವರು ರಿಪೇರಿಯ ಮಸೂರವನ್ನು ಹೊಸ ಕಣ್ಣಿಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು.

"ನೀರು ಎಲ್ಲೀದು ಹಾಕಿದ್ರಿ?"

"ಬಾವೀದೇ," ಎಂದರು ಹೆಂಡತಿ. ಸುಳ್ಳೇನಲ್ಲ.

"ಕರೆಂಟು ಹೋಗಿತ್ತು," ಎಂದೆ ನಾನು.

"ಹಂಗಾರೆ ಸೆಕೆಗೇ." ಮಸೂರ ತೆಗೆದಿಟ್ಟು, "ಅಕ್ಕೋರೆ, ಇದು ಸುಣ್ಣವೇ ಇತ್ತಲ್ಲ?" ಎಂದು ಕೇಳಿದರು.

"ಸುಣ್ಣವೇ," ಎಂದೆ.

"ಆತು," ಎಂದರು.

ಭಾವಮೈದುನನ ಹತ್ತಿರ ಅವರು ಮತ್ತೆ ಶೆಟ್ಲಿ ತರಿಸಲಿಲ್ಲ. ಜೂನಿನಲ್ಲಿ ನನಗೆ ಕುಮಟೆಗೆ ವರ್ಗವಾಯಿತು. ಅಂಥ ಹತ್ತಿರದ ಊರು, ಆದರೂ ಮತ್ತೆ ಆ ಅಂಗಡಿಗೆ ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿಯನ್ನೂ ಬಸ್ಸಿನಲ್ಲಿ ಪಕ್ಕ ಕುಳಿತವರು ಯಾರೋ ಹೇಳಿದರು, ಅದೂ ಆರು ತಿಂಗಳು ತಡವಾಗಿ.

ಮೊನ್ನೆ ಆ ಮೀನಿನಂಗಡಿಯಲ್ಲಿ ಕೆಂಪು ಬಿಳಿ ಶೆಟ್ಲಿಗಳೂ ಇದ್ದವು. ನಾನು ನೋಡುತ್ತ ನಿಂತದ್ದು ಕಂಡು ಅಂಗಡಿಯಾತ, "ಒಯ್ರಿ ಅಕ್ಕ, ಸಾಕೂದು ಸುಲಭ. ತಾಮ್ರದ ಕೊಡದ ನೀರು ಮಾತ್ರ ಹಾಕೂಕಾಗ. ತಾಮ್ರ ಅಂದ್ರೆ ಇವಕ್ಕೆ ವಿಷ, ಒಂದೂ ಉಳಿಯೂದಿಲ್ಲ," ಎಂದ.

ಅಂದಿನಿಂದ ನಿದ್ದೆ ಸರಿಯಿಲ್ಲ. ಆ ಕೊಡ ಎತ್ತಿದ್ದು ಯಾರು? ಒಂದು ಸಲ ನೆನೆದರೆ ಅವರ ಹೆಂಡತಿಯ ಬಳೆ ಕೊಡದ ಕಂಠಕ್ಕೆ ತಾಗಿದ ಸದ್ದು ಕೇಳುತ್ತದೆ. ಇನ್ನೊಂದು ಸಲ ನನ್ನದೇ ಸೀರೆಯ ನೆರಿಗೆ ಒದ್ದೆಯಾಗಿರುತ್ತದೆ. ಎರಡೂ ಅಷ್ಟೇ ಸ್ಪಷ್ಟ, ಹಾಗಾಗಿ ಎರಡನ್ನೂ ನಂಬಲಾರೆ. ಕೊಂದದ್ದು ತಾಮ್ರವೋ ಸೆಕೆಯೋ, ಅದೂ ಇನ್ನು ತೀರ್ಮಾನವಾಗುವ ಮಾತಲ್ಲ. ಕೇಳೋಣವೆಂದರೆ ಅವರಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆನೇ?

ಆ ಹೆಣ್ಣು ಶೆಟ್ಲಿಯ ಬಿಳಿಯನ್ನು ಅವರು ಒಮ್ಮೆಯೂ ಕಾಣಲಿಲ್ಲ. ನನ್ನ ಬಾಯಿಂದ ಕೇಳಿದರು, ಅಷ್ಟೆ. ಅಂದು ಲೋಟದ ಮುಂದೆ ಕೂತು "ಸುಣ್ಣ" ಎನ್ನುವಾಗ ನಾನು ಸರಿಯಾಗಿ ನೋಡಿದ್ದೆನೋ, ಇಲ್ಲ ಬೇಗ ಎದ್ದು ಹೋಗುವ ಆತುರದಲ್ಲಿ ಹಾಗೆ ಅಂದೆನೋ, ನನಗೆ ಗೊತ್ತಿಲ್ಲ.